ವೆಂಕಮ್ಮನ ಎರಡೂ ಕಿವಿ

ಮಾನ್ವಿಯ ಆ ಓಣಿಗೆ ಹೊಸಬರು ಯಾರಾದರೂ ಬಂದು "ವೆಂಕಮ್ಮನ ಮನಿ ಯಾವುದ್ರಿ?" ಅಂತ ಕೇಳಿದರೆ, ಎಡಕ್ಕೆ ಹೋಗಿ ಬಲಕ್ಕೆ ಹೊಳ್ಳಿ ಅಂತ ಯಾರೂ ಹೇಳುತ್ತಿರಲಿಲ್ಲ. "ಒಂದೀಟು ಸುಮ್ನ ನಿಂದರ್ರಿ, ಕೇಳ್ತದ" ಅನ್ನುತ್ತಿದ್ದರು. ನಿಂತರೆ ಕೇಳುತ್ತಿತ್ತು ಕೂಡ. ತುಂಬಿದ ಕೊಡ ಮೆಟ್ಟಿಲ ಮೇಲೆ ಉರುಳಿದ ಹಾಗೆ ಗಳಗಳ ಶುರುವಾಗಿ, ನಡುವೆ ಉಸಿರು ಸಿಗದೆ ಒಂದು ಗಳಿಗೆ ನಿಂತು, ಮತ್ತೆ ಎದ್ದು, ಕೊನೆಗೆ "ಯವ್ವೋ, ಸಾಕವ್ವೋ" ಅನ್ನುವಲ್ಲಿ ಮುಗಿಯುವ ಒಂದು ನಗು. ಹಿರೇಕೊಟ್ನೆಕಲ್ ಕಡೆಯ ಗದ್ದೆಗಳಿಗೆ ನಾಟಿ ಹಚ್ಚಲು ಹೋಗುತ್ತಿದ್ದ ಕಾಲದಲ್ಲಿ ವೆಂಕಮ್ಮ ಯಾವ ಸಾಲಿನಲ್ಲಿದ್ದಾಳೋ ಆ ಸಾಲು ಬೇಗ ಮುಗಿಯುತ್ತಿತ್ತು ಅಂತ ಹೆಂಗಸರು ಹೇಳುತ್ತಾರೆ. ಬಗ್ಗಿದ ಸೊಂಟದ ನೋವು ನಕ್ಕ ಮೇಲೆ ಅರ್ಧ ಇಳಿಯುತ್ತಿತ್ತಂತೆ.

ಇಂಥ ವೆಂಕಮ್ಮನ ಬಾಯಿ ಒಬ್ಬನೇ ಒಬ್ಬನ ಮುಂದೆ ಮುಚ್ಚುತ್ತಿತ್ತು. ಅವನು ಅವಳ ಭಾವ, ತೀರಿಕೊಂಡ ಗಂಡನ ಅಣ್ಣ ಗದ್ದೆಪ್ಪ.

ಗದ್ದೆಪ್ಪ ಕೆಟ್ಟವನಲ್ಲ, ಸಿಟ್ಟಿನವನೂ ಅಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಧೂಳು ತಿಂದು ದುಡಿದು ನಿವೃತ್ತನಾದವನು. ಆ ಕರಿ ಧೂಳಿನ ಮೇಲೆ ಈಗ ಸೇಡು ತೀರಿಸಿಕೊಳ್ಳುವವನ ಹಾಗೆ ದಿನಾ ಬೆಳ್ಳನೆಯ ಧೋತ್ರ, ಬೆಳ್ಳನೆಯ ಅಂಗಿ, ಕಿವಿ ಮುಚ್ಚುವ ಹಾಗೆ ಬಿಗಿದು ಸುತ್ತಿದ ಬೆಳ್ಳನೆಯ ರುಮಾಲು. ಅಂಗಳದ ನಡುವಿನ ಬೇವಿನ ಗಿಡದ ಕಟ್ಟೆಯ ಮೇಲೆ ಕೂತರೆ ಕೊಕ್ಕರೆ ಕೂತ ಹಾಗೆ. ಆದರೇನು, ಭಾವ ಅಂದರೆ ಭಾವನೇ. ಮದುವೆಯಾಗಿ ಬಂದ ದಿನ ಅತ್ತೆ ಅವಳ ಸೆರಗನ್ನು ಹಣೆಯವರೆಗೂ ಎಳೆದು, "ಹಿರ್ಯಾನ ಮುಂದ ಇದು ಇಳೀಬಾರದು, ನಿನ್ನ ದನಿ ಏಳಬಾರದು" ಅಂದಿದ್ದಳು. ಅತ್ತೆ ಹೋದಳು. ಗಂಡನೂ ಹೋದ. ಮಗಳು ಸುಮಂಗಲಾ ಓದಿ ದೇವದುರ್ಗದಲ್ಲಿ ಶಾಲೆಯ ಟೀಚರಾದಳು. ಸೆರಗು ಮಾತ್ರ ಅತ್ತೆ ಎಳೆದಿಟ್ಟ ಜಾಗದಲ್ಲೇ ಇತ್ತು. ಭಾವನ ಧೋತ್ರದ ಅಂಚು, ಅವನ ಚಪ್ಪಲಿ, ಅವನು ಹೊಸ್ತಿಲ ಹೊರಗೆ ನಿಂತು ಕೆಮ್ಮುವ ಕೆಮ್ಮು ಇಷ್ಟೇ ವೆಂಕಮ್ಮನಿಗೆ ಗೊತ್ತು. ಮುಖ ನೆಟ್ಟಗೆ ನೋಡಿದವಳೇ ಅಲ್ಲ.

ಹಾಗಂತ ಎರಡು ಮನೆ, ಒಂದೇ ಅಂಗಳ. ಮಾತಿಲ್ಲದೆ ನಡೆಯುತ್ತದೆಯೆ? ಗದ್ದೆಪ್ಪನ ಹೆಂಡತಿ ಗೋಪಮ್ಮ ಮನೆಯಲ್ಲಿದ್ದರೆ ಅವಳ ಮೂಲಕ ಮಾತು. ಅವಳಿಲ್ಲದಾಗ ಬೇವಿನ ಗಿಡದ ಮೂಲಕ.

"ಏ ಗಿಡಾ, ಹಿರ್ಯಾರು ಉಂಡಾರೋ ಇಲ್ಲೋ ಕೇಳು" ಅಂತ ವೆಂಕಮ್ಮ ಒಳಗಿನಿಂದ.

"ಉಂಡೀನಂತ ಹೇಳಪಾ ಅಕಿಗೆ. ಪುಂಡಿಪಲ್ಯಾಕ ಉಪ್ಪು ಜಾಸ್ತಿ ಆಗ್ಯದಂತ ಹೇಳು" ಅಂತ ಗದ್ದೆಪ್ಪ ಗಿಡದ ಬೊಡ್ಡೆಗೆ.

"ಪಲ್ಯಾ ಮಾಡಿದವ್ರು ಗೋಪಕ್ಕ, ನಾನಲ್ಲಂತ ಹೇಳು ಗಿಡಾ."

"ಹಂಗಾರ ಉಪ್ಪು ಬರಾಬರಿ ಅದಂತ ಹೇಳಪಾ."

ಗಿಡ ಎಲ್ಲ ಕೇಳಿಕೊಂಡು ಸುಮ್ಮನಿರುತ್ತಿತ್ತು. ಪಕ್ಕದ ಮನೆಯ ಜೈನಾಬ್ ಹೊಲಿಗೆ ಮಷಿನ್ ತುಳಿಯುತ್ತಾ, "ಈ ಗಿಡಕ್ಕ ಪಗಾರ ಕೊಡಬೇಕ್ರಿ ನೀವು, ಚಪರಾಸಿ ಕೆಲಸ ಮಾಡಾಕತ್ತದ" ಅಂತ ಕೂಗುತ್ತಿದ್ದಳು.

ಈ ವೆಂಕಮ್ಮ ಈಗ ಶ್ರೀಲಂಕಾಕ್ಕೆ ಹೊರಟು ನಿಂತಿದ್ದಳು.

ರಾಯಚೂರಿನ ಬುದ್ಧ ವಿಹಾರದಿಂದ ಒಂದು ಗುಂಪು ಅಲ್ಲಿಗೆ ಹೋಗುವುದಿತ್ತು. ಗುಂಪಿನ ಓಡಾಟವೆಲ್ಲ ಅವಳ ತಂಗಿಯ ಮಗ ಅನಿಲಕುಮಾರನದು. ರಾಯಚೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವನು. ಹೋದ ಹುಣ್ಣಿಮೆಗೆ ವಿಹಾರದಲ್ಲಿ ಅವನು ಅನುರಾಧಪುರದ ಬೋಧಿವೃಕ್ಷದ ಕಥೆ ಹೇಳಿದ್ದ. ಬುದ್ಧ ಕೂತಿದ್ದ ಗಿಡದ ಒಂದು ಟೊಂಗೆಯನ್ನು ಒಬ್ಬ ಹೆಣ್ಣುಮಗಳು ಸಮುದ್ರ ದಾಟಿಸಿ ಒಯ್ದು ನೆಟ್ಟಳಂತೆ. ಅದು ಇನ್ನೂ ಚಿಗುರುತ್ತದಂತೆ. ವೆಂಕಮ್ಮ ಕೇಳಿ ಬಂದವಳು ರಾತ್ರಿ ಉಣ್ಣಲಿಲ್ಲ. ಮರುದಿನ ಮಗಳಿಗೆ ಫೋನ್ ಹಚ್ಚಿದಳು.

"ಸುಮಂಗಲಾ, ನಾ ಹೋಗ್ತೀನಿ. ಹುಟ್ಟಿದಾಗಿಂದ ಮಂದೀ ಗದ್ದಿಯೊಳಗ ಸಸಿ ಹಚ್ಚೀನಿ. ಒಂದು ಹೆಣ್ಣುಮಗಳು ಹಚ್ಚಿದ ಸಸಿ ಇಷ್ಟು ವರ್ಷ ಉಳಿದದಂದ್ರ ನಾ ನೋಡಬೇಕು. ಬೇವಿನ ಗಿಡದ ಕೂಡ ಇಷ್ಟು ಮಾತಾಡೀನಿ, ಆ ಗಿಡದ ಕೂಡನೂ ಒಂದು ಮಾತಾಡಿ ಬರ್ತೀನಿ."

ಗದ್ದೆಪ್ಪನಿಗೂ ಆಸೆಯಿತ್ತು. ವಿಹಾರದ ದಾರಿ ಮನೆಗೆ ತೋರಿಸಿದವನೇ ಅವನು. ಆದರೆ ಮೊಣಕಾಲು ಒಪ್ಪಲಿಲ್ಲ. "ಅಲ್ಲಿ ಎಲಿ ಉದುರಿದ್ದು ಸಿಕ್ರ ಒಂದು ತರಾಕ ಹೇಳಪಾ" ಅಂತ ಬೇವಿನ ಗಿಡಕ್ಕೆ ಹೇಳಿ ಸುಮ್ಮನಾಗಿದ್ದ.

ಪಾಸ್‌ಪೋರ್ಟ್ ಬಂತು. ಅದರ ಫೋಟೋ ಅವರೇ ಆಫೀಸಿನಲ್ಲಿ ತೆಗೆದುಕೊಂಡಿದ್ದರು. ಗುರುತಿಲ್ಲದ ಮಂದಿಯ ಮುಂದೆ ಸೆರಗು ಇಳಿಸುವುದಕ್ಕೆ ವೆಂಕಮ್ಮನಿಗೆ ಏನೂ ಅನ್ನಿಸಿರಲಿಲ್ಲ. ಅಲ್ಲಿ ಭಾವ ಇರಲಿಲ್ಲವಲ್ಲ. ಈಗ ವೀಸಾದ ಅರ್ಜಿಗೆ ಇನ್ನೊಂದು ಫೋಟೋ ಬೇಕಾಗಿತ್ತು, ಪಾಸ್‌ಪೋರ್ಟಿನದರ ಮಾದರಿಯದೇ. ಒಂದು ಸ್ಟುಡಿಯೋದಲ್ಲಿ ತೆಗೆಸಿ ಕಳಿಸಿದ್ದಳು. ಸ್ಟುಡಿಯೋದವನು ಮದುವೆ ಹೆಣ್ಣುಗಳ ಫೋಟೋ ತಿದ್ದಿ ರೂಢಿಯಾದವನು, ಕೈ ತಡೆಯಲಿಲ್ಲ. ವೆಂಕಮ್ಮನ ಸುಕ್ಕು ಅಳಿಸಿದ, ಗದ್ದದ ಮೇಲಿನ ಮಚ್ಚೆ ಅಳಿಸಿದ, ಬಣ್ಣ ಹಾಲಿನಲ್ಲಿ ಅದ್ದಿ ತೆಗೆದ. ವೆಂಕಮ್ಮನಿಗೆ ಭಾಳ ಸೇರಿತ್ತು. ಜೈನಾಬ್ ನೋಡಿ, "ಚಲೋ ಅದಾಳಕ್ಕಾ ಹುಡುಗಿ, ಯಾರ ಮನ್ಯಾಕಿ?" ಅಂದಿದ್ದಳು.

ಮಂಗಳವಾರ ಮಧ್ಯಾಹ್ನ ಉಂಡು ಕೈ ತೊಳೆಯುವಾಗ ಅನಿಲಕುಮಾರನ ಫೋನ್ ಬಂತು.

"ಜೈ ಭೀಮ್ ದೊಡ್ಡವ್ವಾ. ಪೋಟೋ ಹೊಳ್ಳಿ ಬಂದದ. ತಿದ್ದಿದ ಪೋಟೋ ಮಷಿನ್ನು ತಗೊಳ್ಳಂಗಿಲ್ಲ."

"ಹಂಗಾರ ಈಗೇನಪಾ?"

"ಸ್ಟುಡಿಯೋ ಬ್ಯಾಡ. ಮನ್ಯಾಗ ಫೋನ್ ಹಿಡಿದು ತಗೀರಿ. ಇವತ್ತು ಐದಕ್ಕ ಎಲ್ಲಾರವೂ ಕೂಡಿಸಿ ಕಳಿಸ್ತಾರ. ನಿಂದು ಇರಲಿಲ್ಲಂದ್ರ..." ಅವನು ಮಾತು ತಿರುಗಿಸಿದ. "ಕೇಳು. ಹಿಂದ ಬಿಳೀದು ಇರಬೇಕು. ಮುಖದ ಮ್ಯಾಲ ಬೆಳಕು ಬೀಳಬೇಕು, ಹಿಂದ ನೆರಳು ಬೀಳಬಾರದು. ತಲಿಮ್ಯಾಗ ಸೆರಗು ಇರಬಾರದು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಎರಡೂ ಕಿವಿ ಕಾಣಬೇಕು. ಮತ್ತ ದೊಡ್ಡವ್ವಾ, ನಗಬಾರದು."

ಇಷ್ಟು ಹೊತ್ತು ಹೂಂಗುಟ್ಟುತ್ತಿದ್ದ ವೆಂಕಮ್ಮ ಆ ಕೊನೆಯ ಮಾತಿಗೆ ನಕ್ಕುಬಿಟ್ಟಳು.

ಜೈನಾಬ್ ಗಿರಾಕಿಯ ರವಿಕೆ ಅಲ್ಲೇ ಬಿಟ್ಟು ಓಡಿ ಬಂದಳು. ಗೋಪಮ್ಮ ಮನೆಯಲ್ಲಿರಲಿಲ್ಲ. ಅವಳು ಬುದ್ಧನನ್ನೂ ಬಿಡದ, ಎಲ್ಲಮ್ಮನನ್ನೂ ಬಿಡದ ಹೆಂಗಸು. ಮಂಗಳವಾರವಾದ್ದರಿಂದ ತಂಗಿಯರನ್ನು ಕಟ್ಟಿಕೊಂಡು ನೀರಮಾನ್ವಿಯ ಗುಡಿಗೆ ಹೋಗಿದ್ದಳು. ಸುಮಂಗಲಾ ಶಾಲೆಯಲ್ಲಿ. ದೇವದುರ್ಗದಿಂದ ಬಸ್ ಹಿಡಿದು ಬರುವಷ್ಟರಲ್ಲಿ ಐದು ದಾಟುತ್ತದೆ. ಇದ್ದವರು ಇಬ್ಬರೇ ಹೆಂಗಸರು, ಮತ್ತೆ ಕಟ್ಟೆಯ ಮೇಲೆ ಗದ್ದೆಪ್ಪ.

ಮೊದಲು ಬಿಳಿಯದು ಬೇಕಲ್ಲ. ವೆಂಕಮ್ಮನ ಮನೆಯ ಗೋಡೆ ಅಚ್ಚ ನೀಲಿ. ಜೈನಾಬಳ ಮನೆಯದು ಹಸಿರು. ಹಾಸಿಗೆಯ ಚಾದರುಗಳ ಮೇಲೆಲ್ಲ ಗುಲಾಬಿ ಹೂವು, ನವಿಲು. ಇಬ್ಬರೂ ಗುಡ್ಡೆ ಹಾಕಿ ಹುಡುಕುವುದನ್ನು ಕೇಳಿಸಿಕೊಂಡ ಗದ್ದೆಪ್ಪ ಗಿಡದ ಕಡೆ ತಿರುಗಿ ಹೇಳಿದ: "ನನ್ನ ಧೋತ್ರ ಅದಪಾ, ಇಸ್ತ್ರಿ ಮಾಡಿದ್ದು. ಒಯ್ಯಾಕ ಹೇಳು."

"ಅಯ್ಯ! ಭಾವಾರ ಧೋತ್ರದ ಮುಂದ ನಾ ನಿಂದ್ರಲಾ?" ಅಂತ ವೆಂಕಮ್ಮ ಪಿಸುಗುಟ್ಟಿದಳು.

"ಧೋತ್ರದಾಗ ಭಾವಾರು ಇಲ್ಲಲ್ಲಕ್ಕಾ. ನಿಂದ್ರು" ಅಂದಳು ಜೈನಾಬ್.

ನೀಲಿ ಗೋಡೆಗೆ ಧೋತ್ರ ಇಳಿಬಿಟ್ಟರು. ಅಂಚಿನ ಕೆಂಪು ಗೆರೆ ಕಾಣದ ಹಾಗೆ ಮಡಿಚಿ ಮೊಳೆಗೆ ಸಿಕ್ಕಿಸಿದರು. ಬೆಳಕು ಮುಖಕ್ಕೆ ಬೀಳಬೇಕಾದರೆ ಬಾಗಿಲಿಗೆ ಎದುರಾಗಿಯೇ ನಿಲ್ಲಬೇಕು. ಬಾಗಿಲಿಗೆ ಎದುರಾಗಿ ನಿಂತರೆ ಎದುರಿಗೆ ಕಟ್ಟೆ, ಕಟ್ಟೆಯ ಮೇಲೆ ಭಾವ. ಗದ್ದೆಪ್ಪ ಯಾರೂ ಹೇಳದೆಯೇ ಎದ್ದು ಬೊಡ್ಡೆಯ ಆಚೆ ಬದಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ಕೂತ. ವೆಂಕಮ್ಮ ಸೆರಗು ಇಳಿಸಿ ಹೆಗಲ ಮೇಲೆ ಹಾಕಿಕೊಂಡಳು. ಕೂದಲಿಗೆ ಎಣ್ಣೆ ಹಚ್ಚಿ, ಕಿವಿಯ ಹಿಂದಕ್ಕೆ ಒತ್ತಿ ಬಾಚಿದ್ದಾಯಿತು. ಎರಡೂ ಕಿವಿ ಹೊರಗೆ ಬಂದು ಗಾಳಿ ಕಂಡವು.

"ಹಾಂ, ಈಗ ನಗಬ್ಯಾಡ" ಅಂದಳು ಜೈನಾಬ್ ಫೋನ್ ಹಿಡಿದು.

ವೆಂಕಮ್ಮ ತುಟಿ ಬಿಗಿದಳು. ಗಲ್ಲ ಉಬ್ಬಿದವು. ಕಣ್ಣು ತುಂಬಿ ಬಂದವು. ಆಮೇಲೆ ಕೊಡ ಉರುಳಿತು.

ಎಷ್ಟು ತೆಗೆದರೂ ಅದೇ ಕಥೆ. ಒಂದರಲ್ಲಿ ಹಲ್ಲೆಲ್ಲ ಹೊರಗೆ. ಒಂದರಲ್ಲಿ ಬಾಯಿ ಮುಚ್ಚಿದೆ, ಆದರೆ ಗಲ್ಲ ಬೋಂಡಾ. ಒಂದರಲ್ಲಿ ವೆಂಕಮ್ಮನೇ ಇಲ್ಲ, ನಗುತ್ತಾ ಕೆಳಗೆ ಕೂತುಬಿಟ್ಟಿದ್ದಾಳೆ. ಜೈನಾಬಳೇನು ಕಡಿಮೆಯೆ? ಇವಳು ನಕ್ಕರೆ ಅವಳ ಕೈ ನಡುಗಿ ಫೋಟೋ ಕದಡುತ್ತಿತ್ತು.

"ದುಃಖದ ಮಾತು ನೆನಸ್ಕೋ ಅಕ್ಕಾ" ಅಂದಳು ಜೈನಾಬ್. "ಭಾಯಿ ಹೋದದ್ದು ನೆನಸ್ಕೋ."

ವೆಂಕಮ್ಮ ಕಣ್ಣು ಮುಚ್ಚಿ ಗಂಡನನ್ನು ನೆನೆದಳು. ಮುಖ ಒಂದು ಗಳಿಗೆ ಇಳಿಯಿತು. ಜೈನಾಬ್ ಬೆರಳು ಎತ್ತಿದಳು. ಅಷ್ಟರಲ್ಲಿ ವೆಂಕಮ್ಮನ ಹೊಟ್ಟೆ ಕುಣಿಯತೊಡಗಿತು.

"ಏನಾತಬೇ?"

"ಸುಮಂಗಲಾನ ಅಪ್ಪ ನನ್ನ ನೋಡಾಕ ಬಂದಿದ್ನಲ್ಲ, ಕುಂತ ಹೊರಸಿನ ಹಗ್ಗ ಹರದು ಒಳಗ ಇಳಿದುಬಿಟ್ಟ ಜೈನಾಬ್! ಮ್ಯಾಲ ಕಾಲು, ತಲಿ, ಎರಡು ಕಿವಿ. ಬೋಗುಣಿ ಹಿಡಿ ಹಂಗ ಕಿವಿ ಅವನ್ವು. ನಮ್ಮಪ್ಪ ಎಷ್ಟು ಓದೀರಿ ಅಂತ ಕೇಳಿದ್ರ, ಒಳಗಿಂದನ, 'ಏಳನೇತ್ತೆ ರೀ' ಅಂತಾನ. ಏಳಾಕ ಬರವಲ್ದು, ಏಳನೇತ್ತೆ ಅಂತಾನ! ಯವ್ವೋ, ಸಾಕವ್ವೋ..."

ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ಬೊಡ್ಡೆಯ ಆಚೆ ಬದಿಯಿಂದಲೂ ಒಂದು ಸದ್ದು ಬಂತು. ಅದು ಕೆಮ್ಮು ಇದ್ದರೂ ಇರಬಹುದು.

ಆ ಸದ್ದು ಕಿವಿಗೆ ಬಿದ್ದದ್ದೇ ವೆಂಕಮ್ಮನ ನಗು ಕತ್ತರಿಸಿದ ಹಾಗೆ ನಿಂತಿತು. ಬೆನ್ನು ನೆಟ್ಟಗಾಯಿತು. ತುಟಿ ಕೂಡಿತು. ಮುಖ ಅಂದರೆ ಮುಖ, ಸರ್ಕಾರಿ ಕಾಗದಕ್ಕೆ ಹೇಳಿ ಮಾಡಿಸಿದ ಮುಖ.

ಜೈನಾಬಳ ಕಣ್ಣು ಹೊಳೆದವು. "ಅಕ್ಕಾ! ನಿನ್ನ ನಗು ಬಂದ್ ಮಾಡೋ ಸ್ವಿಚ್ ಸಿಕ್ತು!" ಬಾಗಿಲಿಗೆ ಬಂದು ಕೂಗಿದಳು. "ಗದ್ದೆಪ್ಪಣ್ಣಾ, ಜರಾ ಇನ್ನೊಮ್ಮಿ ಕೆಮ್ಮರ್ರಿ! ಜೋರಾಗಿ!"

"ಕೆಮ್ಮು ಬರವಲ್ದಲ್ಲವಾ."

"ಬರಿಸಿಕೊಳ್ರಿ. ಶ್ರೀಲಂಕಾದ ಕೆಲಸ ಅದ."

ಗದ್ದೆಪ್ಪ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಮಾತಾಡಲು ಎದ್ದವನ ಹಾಗೆ, ಒಂದು ದೊಡ್ಡ ಕೆಮ್ಮು ಕೆಮ್ಮಿದ. ವೆಂಕಮ್ಮನ ಮುಖ ಕೂಡಲೆ ಬಿಗಿಯಿತು. ಆದರೆ ಮುಖದ ಜೊತೆಗೆ ಬಲಗೈಯೂ ಎದ್ದಿತು. ಜೈನಾಬ್ ಬೆರಳು ಒತ್ತುವುದರೊಳಗೆ ಸೆರಗು ಹಣೆಗೆ ಬಂದು ಕೂತಿತ್ತು. ಕಿವಿ ಮಾಯ.

"ಕೈ ಯಾಕ ಎತ್ತಿದಿ?"

"ನಾ ಎಲ್ಲಿ ಎತ್ತೀನಿ? ಅದ ಎದ್ದದ."

ಮತ್ತೆ ಕೆಮ್ಮಿಸಿದರು. ಮತ್ತೆ ಕೈ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೋಡಿದರು. ಕೈ ಸೆರಗಿಲ್ಲದ ತಲೆಯ ಮೇಲೆ ಹೋಗಿ ಸುಮ್ಮನೆ ಕೂತುಕೊಂಡಿತು, ಆಕಳ ಮೇಲೆ ಕಾಗೆ ಕೂತ ಹಾಗೆ. ಭಾವನ ಕೆಮ್ಮಿಲ್ಲದಿದ್ದರೆ ನಗು, ಕೆಮ್ಮಿದರೆ ಸೆರಗು. ನಡುವೆ ಜಾಗವೇ ಇಲ್ಲ. ಬೇವಿನ ನೆರಳು ಆಗಲೇ ಹೊಸ್ತಿಲ ಹತ್ತಿರಕ್ಕೆ ಬಂದಿತ್ತು.

ಶಾಲೆಯ ಬಿಡುವಿನಲ್ಲಿ ಸುಮಂಗಲಾ ಫೋನ್ ಮಾಡಿದಳು. "ಯವ್ವಾ, ಕಳಿಸಿದೇನು?"

"ಕಳಿಸ್ತೀವಿ. ನಿನ್ನ ದೊಡ್ಡಪ್ಪ ಕೆಮ್ಮಾಕತ್ಯಾನ."

"ಅಂದ್ರ? ಆರಾಮಿಲ್ಲೇನು?"

"ಆರಾಮದಾನ. ನನ್ನ ಸಲುವಾಗಿ ಕೆಮ್ಮಾಕತ್ಯಾನ. ಇಡು ನೀ, ಹೊತ್ತಿಲ್ಲ."

ಜೈನಾಬ್ ನೆಲದ ಮೇಲೆ ಕೂತು ವಿಚಾರ ಮಾಡಿದಳು. ಅಳತೆ ತಪ್ಪಿದ ಎಷ್ಟೋ ರವಿಕೆಗಳನ್ನು ಸರಿಮಾಡಿದ ತಲೆ ಅದು. "ಹಿಂಗ ಮಾಡೋಣು" ಅಂದಳು. "ನಾ ಕೆಳಗ ಕುಂತು ನಿನ್ನ ಎರಡೂ ಕೈ ಗಟ್ಟಿ ಹಿಡೀತೀನಿ. ಪೋಟೋದಾಗ ನಾ ಕಾಣಂಗಿಲ್ಲ. ಗದ್ದೆಪ್ಪಣ್ಣ ಬಂದು ಹೊಸ್ತಿಲದಾಗ ನಿಂತು ಪೋಟೋ ಹೊಡೀಲಿ. ಅವರು ನಿಂತ್ರ ನೀ ನಗಂಗಿಲ್ಲ, ನಾ ಹಿಡಿದ್ರ ಕೈ ಏಳಂಗಿಲ್ಲ."

"ಭಾವಾರು ನನ್ನ ಬರಿ ತಲಿ ನೋಡಬೇಕಂತಿಯಾ!"

"ಹಂಗಾರ ಅಲ್ಲಿ ಗಿಡ ಯಾರು ನೋಡ್ತಾರ?"

ವೆಂಕಮ್ಮ ಬಾಗಿಲ ಕಡೆ ಮುಖ ಮಾಡಿ, "ಏ ಗಿಡಾ, ಹಿರ್ಯಾರಿಗೆ ಬರಾಕ ಹೇಳು" ಅಂದಳು.

ಗದ್ದೆಪ್ಪ ಬಂದ. ಬಂದು ಹೊಸ್ತಿಲಲ್ಲಿ ನಿಂತ. ಜೈನಾಬ್ ಫೋನ್ ಕೊಟ್ಟು ಎಲ್ಲಿ ಒತ್ತಬೇಕು ಅಂತ ತೋರಿಸಿ, ಹೋಗಿ ವೆಂಕಮ್ಮನ ಕಾಲ ಹತ್ತಿರ ಕೂತು ಅವಳ ಎರಡೂ ಕೈ ಹಿಡಿದಳು. ವೆಂಕಮ್ಮನ ಕಣ್ಣು ಭಾವನ ಚಪ್ಪಲಿಯ ಮೇಲೆ. ಗದ್ದೆಪ್ಪನಿಗೂ ಕಷ್ಟವೇ. ತಮ್ಮನ ಹೆಂಡತಿ ಬರಿತಲೆಯಲ್ಲಿ ನಿಂತಿದ್ದಾಳೆ, ನೋಡಬಾರದು. ಆದರೆ ಫೋಟೋ ತೆಗೆಯಬೇಕು. ಅವನು ಎರಡೂ ಕೈ ಮುಂದೆ ಚಾಚಿ ಫೋನ್ ಹಿಡಿದು, ಮುಖವನ್ನು ಪೂರ್ತಿ ಹಿಂದಕ್ಕೆ ಹೊರಳಿಸಿ, ಮೇಲಿಂದ ಕಣ್ಣೂ ಮುಚ್ಚಿಕೊಂಡು ಒತ್ತಿದ. ಒತ್ತಿದ, ಒತ್ತಿದ, ಒತ್ತುತ್ತಲೇ ಹೋದ.

"ಬಸ್, ಬಸ್!" ಅಂತ ಜೈನಾಬ್ ಎದ್ದು ಫೋನ್ ಇಸಿದುಕೊಂಡಳು. ಬಾಗಿಲ ಚೌಕಟ್ಟು. ಧೋತ್ರ, ಬರೀ ಧೋತ್ರ. ಜೈನಾಬಳ ತಲೆಯ ಬೈತಲೆ. ಜೋಳದ ಚೀಲ. ಆಮೇಲೆ ಸಾಲಾಗಿ, ಮೂಲೆಯ ಗೋಡೆಯ ಕ್ಯಾಲೆಂಡರಿನ ಬುದ್ಧ.

"ಬುದ್ಧ ಮಾತ್ರ ಬರಾಬರಿ ಬಂದಾನ್ರಿ" ಅಂದಳು ಜೈನಾಬ್.

ಅವಸರದಲ್ಲಿ ಅದೇ ಫೋಟೋ ಅನಿಲಕುಮಾರನಿಗೂ ಹೋಗಿಬಿಟ್ಟಿತ್ತು. ಅವನ ಫೋನ್ ಬಂತು. "ದೊಡ್ಡವ್ವಾ, ಕಿವಿ ಎರಡೂ ಭರ್ಜರಿ ಕಾಣ್ತಾವ. ಆದ್ರ ಕಣ್ಣು ಮುಚ್ಚ್ಯಾವ, ಮತ್ತ ಒಂದೀಟು ನಗಾಕತ್ಯಾರ. ಮಷಿನ್ನು ಇವರನ್ನೂ ಬಿಡಂಗಿಲ್ಲ." ನಕ್ಕು, ಆಮೇಲೆ ದನಿ ಇಳಿಸಿದ. "ಹೊತ್ತು ಭಾಳಿಲ್ಲ. ಎಲ್ಲಾರದೂ ಆಗ್ಯದ. ನಿಂದೊಂದ ಉಳದದ."

ಫೋನ್ ಇಟ್ಟ ಮೇಲೆ ಒಳಗೆ ಯಾರೂ ನಗಲಿಲ್ಲ. ವೆಂಕಮ್ಮ ಸೆರಗನ್ನು ಸೊಂಟದಿಂದ ಬಿಡಿಸಿ ತಲೆಯ ಮೇಲೆ ಎಳೆದುಕೊಂಡಳು. ಹೊಸ್ತಿಲಲ್ಲಿದ್ದ ಭಾವನನ್ನು ಬಿಟ್ಟು, ಹೊರಗಿನ ಗಿಡಕ್ಕೆ ಹೇಳಿದಳು.

"ಗಿಡಾ, ಸಾಕಂತ ಹೇಳು ಹಿರ್ಯಾರಿಗೆ. ಕಾಲು ನೋಯ್ತಾವ, ಕುಂದರಾಕ ಹೇಳು. ನಾ ಹೋಗಂಗಿಲ್ಲ. ಇಲ್ಲೇ ನಿನ್ನ ಕೂಡ ಮಾತಾಡಿಕೊಂಡು ಇರ್ತೀನಿ."

ಹೇಳಿದ ದನಿಯಲ್ಲಿ ಅಳು ಇರಲಿಲ್ಲ. ಆದರೆ ಆ ಓಣಿಯಲ್ಲಿ ಯಾರೂ ಕೇಳಿರದ ದನಿ ಅದು. ನಗು ತೆಗೆದ ವೆಂಕಮ್ಮನ ದನಿ. ಜೈನಾಬ್ ಧೋತ್ರ ಬಿಚ್ಚಲು ಮೊಳೆಗೆ ಕೈ ಹಾಕಿದಳು.

"ಬಿಚ್ಚಬ್ಯಾಡ" ಅಂದ ಗದ್ದೆಪ್ಪ.

ಅವನು ಗಿಡದ ಕಡೆ ತಿರುಗಿರಲಿಲ್ಲ.

"ವೆಂಕಮ್ಮಾ."

ವೆಂಕಮ್ಮ ಬೆಚ್ಚಿದಳು. ಆ ಹೆಸರು ಆ ಬಾಯಿಯಿಂದ ಅವಳು ಕೇಳಿದ್ದು ಅದೇ ಮೊದಲು. ಅವಳು, ಅಕಿ, ಸುಮಂಗಲಾನ ಅವ್ವ, ಇಷ್ಟರಲ್ಲೇ ಇಷ್ಟು ವರ್ಷ ಹೋಗಿತ್ತು.

"ನಮ್ಮವ್ವ ಏನು ಹೇಳಿದ್ಲು? ಹಿರ್ಯಾನ ಮುಂದ ಸೆರಗು ಇಳೀಬಾರದಂತ. ಹೌದಿಲ್ಲೋ?"

ವೆಂಕಮ್ಮ ನೆಲ ನೋಡುತ್ತಾ ತಲೆ ಆಡಿಸಿದಳು.

"ಹಿರ್ಯಾ ಯಾರು? ನಾನ. ಹಿರ್ಯಾನ ಮಾತು ಕೇಳಬೇಕಂತನೂ ಹೇಳಿದ್ಲು. ಈಗ ಹಿರ್ಯಾ ಹೇಳಾಕತ್ಯಾನ. ಸೆರಗು ಇಳಸು."

ವೆಂಕಮ್ಮನ ಕೈ ಸೆರಗಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು.

"ಒಬ್ಬಾಕಿಗೇ ಸಂಕೋಚ ಆಗ್ತದಂದ್ರ," ಅಂದ ಗದ್ದೆಪ್ಪ, "ತಗೋ, ನಂದೂ ಇಳಸ್ತೀನಿ." ಎರಡೂ ಕೈಯಿಂದ ರುಮಾಲು ಎತ್ತಿ ಸುರುಳಿ ಸುರುಳಿಯಾಗಿ ಬಿಚ್ಚಿದ. ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಜೈನಾಬಳಿಂದ ಮತ್ತೆ ಫೋನ್ ಇಸಿದುಕೊಂಡ. "ಈಗ ನೀನೂ ಇಳಸಿದ್ರ ಇಬ್ಬರೂ ಬರಿ ತಲಿ. ಸರಿಯಾತಲ್ಲ? ಇತ್ಲಾಗ ನೋಡು, ನನ್ನ ಮಾರಿ ನೋಡು. ಆ ಗಿಡದ ಮುಂದ ಹೋಗಿ ನಿಂತಾಗ ಚಪ್ಪಲಿ ನೋಡಿಕೋತ ನಿಂದ್ರಾಕಿ ಏನು?"

ವೆಂಕಮ್ಮ ಸೆರಗು ಇಳಿಸಿದಳು. ಚಪ್ಪಲಿಯಿಂದ ಧೋತ್ರದ ಅಂಚಿಗೆ, ಅಂಚಿನಿಂದ ಅಂಗಿಯ ಗುಂಡಿಗಳಿಗೆ ಒಂದೊಂದಾಗಿ ಕಣ್ಣು ಎತ್ತಿದಳು. ಎತ್ತಿ ನೋಡಿದಳು.

ಬೋಳು ನೆತ್ತಿ. ಅದರ ಎರಡೂ ಬದಿಗೆ, ಇಷ್ಟು ವರ್ಷ ರುಮಾಲಿನೊಳಗೆ ಅಡಗಿದ್ದ ಎರಡು ಕಿವಿ. ಬಾಗಿಲ ಬೆಳಕು ಹಿಂದಿನಿಂದ ಬಿದ್ದು ಕೆಂಪಗೆ, ತೆಳ್ಳಗೆ, ಬೋಗುಣಿಯ ಹಿಡಿಗಳ ಹಾಗೆ ಹೊರಗೆ ಚಾಚಿಕೊಂಡ ಕಿವಿ. ಹೊರಸಿನೊಳಗೆ ಇಳಿದು ಕೂತು 'ಏಳನೇತ್ತೆ ರೀ' ಅಂದವನ ಅವೇ ಕಿವಿ. ಅಂಗಳ ದಾಟಿದರೆ ಸಿಗುವಷ್ಟು ದೂರದಲ್ಲಿ ಇಷ್ಟು ದಿನ ಇದ್ದವು, ಅವಳಿಗೆ ಗೊತ್ತೇ ಇರಲಿಲ್ಲ.

ನಗು ಹೊಟ್ಟೆಯಿಂದ ಎದ್ದದ್ದೇನೋ ಹೌದು. ಆದರೆ ಎದೆಯ ಹತ್ತಿರ ಬಂದು, ಅಲ್ಲಿದ್ದ ಇನ್ನೊಂದಕ್ಕೆ ದಾರಿ ಬಿಟ್ಟು ನಿಂತಿತು. ತುಟಿ ತಾನಾಗಿಯೇ ಮುಚ್ಚಿತ್ತು. ಕಣ್ಣು ದೊಡ್ಡದಾಗಿ ತೆರೆದಿದ್ದವು. ಕೈ ಎರಡೂ ಕೆಳಗೇ ಇದ್ದವು. ಅವನ್ನು ಯಾರೂ ಹಿಡಿದುಕೊಂಡಿರಲಿಲ್ಲ.

ಗದ್ದೆಪ್ಪ ನೆಟ್ಟಗೆ ನೋಡಿ ಒತ್ತಿದ. ಒಂದೇ ಸಲ.

ಜೈನಾಬ್ ಫೋನ್ ನೋಡಿದಳು. ದೊಡ್ಡದು ಮಾಡಿ ನೋಡಿದಳು. "ಮಚ್ಚಿ ಅದ. ಸುಕ್ಕೂ ಅದಾವ. ಕಿವಿ ಒಂದು, ಎರಡು. ಅಕ್ಕಾ, ನೀನ ಇದು!" ಅಂದವಳೇ ಕಳಿಸಿದಳು.

ಆಮೇಲಿನದು ಕಾಯುವ ಹೊತ್ತು. ಮೂವರೂ ಫೋನಿನ ಸುತ್ತ, ಕುಕ್ಕರಿನ ಸೀಟಿಗೆ ಕಾದವರ ಹಾಗೆ. ವೆಂಕಮ್ಮ ಸೆರಗು ಹೊದ್ದುಕೊಳ್ಳುವುದನ್ನು ಮರೆತಿದ್ದಳು. ಗದ್ದೆಪ್ಪ ರುಮಾಲು ಸುತ್ತುವುದನ್ನು ಮರೆತಿದ್ದ. ಹೊರಗೆ ಶಾಲೆ ಬಿಟ್ಟ ಮಕ್ಕಳು ಕಿರುಚುತ್ತಾ ಹೋದವು. ಫೋನ್ ಒಮ್ಮೆ ಸದ್ದು ಮಾಡಿತು. ಅದು ಯಾವುದೋ ಸೀರೆ ಅಂಗಡಿಯ ಮೆಸೇಜು. ಜೈನಾಬ್ ಅಂಗಡಿಯವನಿಗೆ ದಖ್ಖನಿಯಲ್ಲಿ ನಾಲ್ಕು ಮಾತು ಬೈದಳು.

ಆಮೇಲೆ ಅನಿಲಕುಮಾರ.

"ದೊಡ್ಡವ್ವಾ! ಒಪ್ಪಿತು! ಮಷಿನ್ನು ಒಪ್ಪಿತು! ಅಲ್ಲಾ, ಇದನ್ನ ಯಾರು ತಗದ್ರು? ಭಾಳ ಚಂದ ಬಂದದ."

ವೆಂಕಮ್ಮನ ಎದೆಯ ಹತ್ತಿರ ನಿಂತಿದ್ದ ನಗುವಿಗೆ ಈಗ ದಾರಿ ಸಿಕ್ಕಿತ್ತು. ಕೊಡ ಉರುಳಿತು. ಮೆಟ್ಟಿಲ ಮೇಲಲ್ಲ, ಗುಡ್ಡದ ಮೇಲಿಂದ ಉರುಳಿತು. ಅತ್ತ ರಾಯಚೂರಿನಲ್ಲಿ ಅನಿಲಕುಮಾರ ಫೋನನ್ನು ಕಿವಿಯಿಂದ ದೂರ ಹಿಡಿದಿರಬೇಕು. ಇತ್ತ ಗದ್ದೆಪ್ಪ ಮೊದಲು ಕೆಮ್ಮಿದ. ಕೆಮ್ಮಿಗೆ ಈ ಸಲ ಏನೂ ಬೆಲೆ ಸಿಗಲಿಲ್ಲ. ವೆಂಕಮ್ಮ ಭಾವನ ಎದುರಿಗೆ, ಭಾವನ ಮುಖ ನೋಡಿಕೊಂಡೇ, ಅವನ ಕಿವಿ ನೋಡಿಕೊಂಡೇ ನಗುತ್ತಿದ್ದಳು. ಕೊನೆಗೆ ಅವನ ಹೊಟ್ಟೆಯೂ ಕುಣಿಯಿತು. ತಮ್ಮ ನಗುತ್ತಿದ್ದದ್ದೂ ಹೀಗೆಯೇ, ಸದ್ದಿಲ್ಲದೆ, ಕಿವಿ ಅಲುಗಿಸಿಕೊಂಡು.

ಸಂಜೆ ಗೋಪಮ್ಮ ನೀರಮಾನ್ವಿಯಿಂದ ಭಂಡಾರ ಹಚ್ಚಿಕೊಂಡು ಬಂದು ನೋಡಿದರೆ, ಗಂಡ ರುಮಾಲಿಲ್ಲದೆ ಕಟ್ಟೆಯ ಮೇಲೆ ಕೂತಿದ್ದಾನೆ. ಧೋತ್ರ ಇನ್ನೂ ವೆಂಕಮ್ಮನ ಗೋಡೆಯ ಮೇಲಿದೆ. ಜೈನಾಬ್ ಧೋತ್ರದ ಮುಂದೆ ನಿಂತು ನಗದೆ ಇರುವುದು ಹೇಗೆ ಅಂತ ತನ್ನ ಫೋಟೋ ತೆಗೆದು ನೋಡುತ್ತಿದ್ದಾಳೆ. "ಏನಾಗ್ಯದ ಈ ಮನಿಗೆ?" ಅಂತ ಗೋಪಮ್ಮ ಅಂಗಳದಲ್ಲೇ ನಿಂತಳು.

ವೆಂಕಮ್ಮ ಚಾ ತಂದಳು. ರೂಢಿಯ ಹಾಗೆ ಬೇವಿನ ಗಿಡದ ಕಡೆ ತಿರುಗಿ, "ಏ ಗಿಡಾ..." ಅಂದಳು. ಅಂದು, ನಿಂತಳು. ಲೋಟ ಹಿಡಿದುಕೊಂಡೇ ಇತ್ತ ಹೊರಳಿ, ಭಾವನ ಮುಖ ನೋಡಿ ಹೇಳಿದಳು.

"ಭಾವಾರ, ಚಾ ತಗೋರಿ. ಎಲಿ ಒಂದಲ್ಲ, ಸಿಕ್ಕಷ್ಟು ಆರಿಸಿಕೊಂಡು ಬರ್ತೀನಿ."

ಗದ್ದೆಪ್ಪ ಗಡಿಬಿಡಿಯಲ್ಲಿ ಲೋಟ ಇಸಿದುಕೊಂಡ. ಕಿವಿಯ ತುದಿ ಕೆಂಪಾಯಿತು. ಬೊಡ್ಡೆಯ ಕಡೆ ತಿರುಗಿದ.

"ಹೂಂ ಅಂತ ಹೇಳಪಾ ಅಕಿಗೆ" ಅಂದ.